ಸಿಫ್ನೋಸ್‌ನಲ್ಲಿ ಒಂದು ವಾರ: ಗ್ರೀಕ್ ದ್ವೀಪವೊಂದನ್ನು ಕಾಲ್ನಡಿಗೆಯಲ್ಲಿ ನೋಡುವ ಬಗೆ

ಗ್ರೀಸಿಗೆ ಹೋಗುವವರು ಹತ್ತು ದಿನದಲ್ಲಿ ನಾಲ್ಕು ದ್ವೀಪ ನೋಡುವ ಪಟ್ಟಿ ಮಾಡಿಕೊಳ್ಳುತ್ತಾರೆ. ಅರ್ಧ ರಜೆ ಬಂದರುಗಳಲ್ಲಿ ಪೆಟ್ಟಿಗೆ ಎಳೆಯುವುದರಲ್ಲೇ ಮುಗಿಯುತ್ತದೆ. ನಡೆಯುವುದಕ್ಕೆಂದೇ ಹೋಗುವುದಾದರೆ ಒಂದೇ ದ್ವೀಪ, ಒಂದೇ ಊರು, ಒಂದೇ ಕೋಣೆ ಸಾಕು. ಏಳು ರಾತ್ರಿ ಅಲ್ಲಿಯೇ ಇದ್ದು ದಿನಕ್ಕೊಂದು ದಿಕ್ಕಿಗೆ ಹೊರಡಬೇಕು. ಇದಕ್ಕೆ ಸಿಕ್ಲಾಡೀಸ್ ದ್ವೀಪಸಮೂಹದ ಪಶ್ಚಿಮ ಭಾಗದ ಸಿಫ್ನೋಸ್‌ನಷ್ಟು ಒಪ್ಪುವ ದ್ವೀಪಗಳು ಕಡಿಮೆ. ವಿಸ್ತೀರ್ಣ ಸುಮಾರು 74 ಚದರ ಕಿಲೋಮೀಟರ್, ಜನಸಂಖ್ಯೆ ಮೂರು ಸಾವಿರಕ್ಕಿಂತ ಕಡಿಮೆ, ಗುರುತು ಹಾಕಿದ ಕಾಲುದಾರಿಗಳು ಒಟ್ಟು ಸುಮಾರು 100 ಕಿಲೋಮೀಟರ್. ವಿಮಾನ ನಿಲ್ದಾಣ ಇಲ್ಲ. ಗದ್ದಲ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ.

ಇಲ್ಲಿನ ದಾರಿಗಳು ಚಾರಣಿಗರಿಗಾಗಿ ಹೊಸದಾಗಿ ಮಾಡಿದವಲ್ಲ. ಡಾಂಬರು ರಸ್ತೆ ಬರುವ ಮೊದಲು ಊರಿಂದ ಊರಿಗೆ, ಹೊಲಕ್ಕೆ, ಗುಡಿಗೆ, ಬಂದರಿಗೆ ಹೇಸರಗತ್ತೆಗಳು ಹೋಗುತ್ತಿದ್ದ ದಾರಿಗಳಿವು. ಎರಡೂ ಬದಿಗೆ ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ, ಕಡಿದಾದ ಕಡೆ ಅಗಲ ಮೆಟ್ಟಿಲು, ಉಳಿದಂತೆ ಕಲ್ಲುಹಾಸು. ಇಂಥ ಗೋಡೆ ಕಟ್ಟುವ ಕಲೆಯನ್ನು ಗ್ರೀಸ್ ಸೇರಿ ಎಂಟು ದೇಶಗಳ ಪರವಾಗಿ ಯುನೆಸ್ಕೊ 2018ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇವು ದಿನಬಳಕೆಯ ದಾರಿಗಳಾಗಿದ್ದರಿಂದ ಪ್ರತಿಯೊಂದೂ ಯಾವುದೋ ಒಂದು ಊರನ್ನೋ ಗುಡಿಯನ್ನೋ ಕಡಲನ್ನೋ ಮುಟ್ಟುತ್ತದೆ.

ಯಾವ ತಿಂಗಳು

ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದವರೆಗೆ, ಇಲ್ಲವೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೂರನೇ ವಾರದವರೆಗೆ. ಈ ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಮೇ ತಿಂಗಳು. ಗುಡ್ಡದಲ್ಲಿ ಹೂವು, ಹಗಲು ದೀರ್ಘ, ಬಿಸಿಲು ಹಿತ. ಮೇ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಸುಮಾರು 6:15ಕ್ಕೆ, ಮುಳುಗುವುದು 8:20ಕ್ಕೆ. ಅಕ್ಟೋಬರ್ ಮಧ್ಯದಲ್ಲಿ ಬೆಳಕು ಹರಿಯುವುದು 7:30ರ ಹೊತ್ತಿಗೆ, ಸಂಜೆ ಮುಕ್ಕಾಲು ಏಳಕ್ಕೆ ಮುಗಿಯುತ್ತದೆ. ಅಂದರೆ ನಡೆಯಲು ಸಿಗುವ ಹಗಲು ಹತ್ತಿರಹತ್ತಿರ ಮೂರು ಗಂಟೆ ಕಡಿಮೆ. ಅಕ್ಟೋಬರ್‌ನ ಲಾಭವೆಂದರೆ ಕಡಲಿನ ನೀರು. ಬೇಸಿಗೆಯ ಕಾವು ಹೀರಿಕೊಂಡ ನೀರು ಮೇ ತಿಂಗಳಿಗಿಂತ ಬೆಚ್ಚಗಿರುತ್ತದೆ.

ಜುಲೈ, ಆಗಸ್ಟ್ ಬೇಡವೇ ಬೇಡ. ದಾರಿಯಲ್ಲಿ ಮರದ ನೆರಳಿಲ್ಲ, ಕಲ್ಲು ಬಿಸಿ ಕಾರುತ್ತದೆ, ಜೊತೆಗೆ ಮೆಲ್ಟೆಮಿ ಎಂಬ ಉತ್ತರದ ಗಾಳಿ ದಿನಗಟ್ಟಲೆ ಬೀಸುತ್ತದೆ. ಅದು ಒಣ ಗಾಳಿ. ಮೈ ತಣ್ಣಗಿದೆ ಅನ್ನಿಸುತ್ತಲೇ ಚರ್ಮ ಸುಡುತ್ತದೆ, ಬೆವರು ಕಾಣದಂತೆ ಆರುತ್ತದೆ, ನೀರು ಕುಡಿಯುವುದು ಮರೆತುಹೋಗುತ್ತದೆ.

ದಿನಾಂಕ ನಿಗದಿ ಮಾಡುವ ಮುನ್ನ ಆರ್ಥೊಡಾಕ್ಸ್ ಈಸ್ಟರ್ ಯಾವಾಗ ಎಂದು ನೋಡಿಕೊಳ್ಳಿ. 2027ರಲ್ಲಿ ಅದು ಮೇ 2, 2028ರಲ್ಲಿ ಏಪ್ರಿಲ್ 16. ಆ ವಾರ ಅಥೆನ್ಸ್‌ನವರೆಲ್ಲ ತಮ್ಮ ಊರುಗಳಿಗೆ ಹೊರಡುವುದರಿಂದ ಹಡಗಿನಲ್ಲಿ ಜಾಗ ಸಿಗುವುದಿಲ್ಲ. ಮೇ 1ರಂದು ಹಡಗು ಕಾರ್ಮಿಕರ ಮುಷ್ಕರ ನಡೆಯುವುದು ವಾಡಿಕೆ, ಅಂದು ಪ್ರಯಾಣ ಇಟ್ಟುಕೊಳ್ಳಬೇಡಿ. ಈಸ್ಟರ್ ಕಳೆದು ನಲವತ್ತನೇ ದಿನದ ಗುರುವಾರ, ದ್ವೀಪವನ್ನು ಕಾಯುವವಳು ಎಂದು ಜನ ನಂಬಿರುವ ಕ್ರಿಸೊಪಿಗಿ ಮೇರಿಮಾತೆಯ ಹಬ್ಬ. ಮುನ್ನಾದಿನ ಸಂಜೆ ಮಾತೆಯ ಚಿತ್ರಪಟ ಹಡಗಿನಲ್ಲಿ ಬರುತ್ತದೆ, ಬಂದವರಿಗೆಲ್ಲ ಪಂಕ್ತಿಯಲ್ಲಿ ಊಟ. ಆ ವಾರಕ್ಕೆ ಹೋಗುವುದಾದರೆ ಕೋಣೆಯನ್ನು ಮೂರು ನಾಲ್ಕು ತಿಂಗಳು ಮೊದಲೇ ಹಿಡಿಯಬೇಕು.

ವೀಸಾದಿಂದ ಬಂದರಿನವರೆಗೆ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, ಹದಿನೈದು ದಿನಕ್ಕಿಂತ ಕಡಿಮೆ ಇರುವಾಗಲೂ ಹಾಕುವಂತಿಲ್ಲ. ಮೇ ತಿಂಗಳಿಗೆ ಹೊರಡುವವರು ಫೆಬ್ರವರಿಯಲ್ಲೇ ಹಾಕಿದರೆ ನೆಮ್ಮದಿ, ಏಕೆಂದರೆ ಬೇಸಿಗೆ ರಜೆಯ ನೂಕುನುಗ್ಗಲು ಮಾರ್ಚ್‌ನಲ್ಲಿ ಶುರುವಾಗುತ್ತದೆ. ವಯಸ್ಕರಿಗೆ ಶುಲ್ಕ 90 ಯುರೋ. ವೀಸಾ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯುರೋಗಳದ್ದು ಕಡ್ಡಾಯ. ವಿಮೆ ಕೊಳ್ಳುವಾಗ ಒಂದು ಸಾಲು ಹುಡುಕಿ ಓದಿ: ಗುಡ್ಡದ ನಡಿಗೆಯಲ್ಲಿ ಆದ ಗಾಯಕ್ಕೂ, ದ್ವೀಪದಿಂದ ಅಥೆನ್ಸ್‌ಗೆ ರೋಗಿಯನ್ನು ಸಾಗಿಸುವ ವೆಚ್ಚಕ್ಕೂ ಅದು ಅನ್ವಯಿಸಬೇಕು. ಅಗ್ಗದ ಪಾಲಿಸಿಗಳಲ್ಲಿ ಟ್ರೆಕ್ಕಿಂಗ್ ಎಂಬ ಪದ ಸಾಹಸಕ್ರೀಡೆಯ ಪಟ್ಟಿಗೆ ಸೇರಿ ಹೊರಗುಳಿದಿರುತ್ತದೆ.

ಬೆಂಗಳೂರಿನಿಂದ ಕೊಲ್ಲಿ ದೇಶಗಳ ಮೂಲಕ ಅಥೆನ್ಸ್ ಸೇರಬಹುದು. ವಿಮಾನ ನಿಲ್ದಾಣದಿಂದ ಪಿರೇಯಸ್ ಬಂದರಿಗೆ ನೀಲಿ ಗುರುತಿನ ಮೆಟ್ರೊ ನೇರವಾಗಿ ಹೋಗುತ್ತದೆ, ಸುಮಾರು ಒಂದು ಗಂಟೆ. ಎಕ್ಸ್ 96 ಬಸ್ಸು ಹಗಲೂ ರಾತ್ರಿಯೂ ಓಡುತ್ತದೆ, ಅಗ್ಗ, ಆದರೆ ಸಂಚಾರ ಹೆಚ್ಚಿದ್ದರೆ ಒಂದೂವರೆ ಗಂಟೆ. ಪಿರೇಯಸ್ ದೊಡ್ಡ ಬಂದರು. ಟಿಕೆಟ್ ಮೇಲೆ ಅಥವಾ ಹಡಗು ಕಂಪನಿಯ ಸಂದೇಶದಲ್ಲಿ ಗೇಟ್ ಸಂಖ್ಯೆ ಇರುತ್ತದೆ. ಅದನ್ನು ನೋಡದೆ ಹೊರಟವರು ಪೆಟ್ಟಿಗೆಯೊಂದಿಗೆ ಇಪ್ಪತ್ತು ನಿಮಿಷ ಅತ್ತಿಂದಿತ್ತ ಓಡಬೇಕಾಗುತ್ತದೆ. ವಿಮಾನ ಇಳಿಯುವ ಹೊತ್ತಿಗೂ ಹಡಗು ಹೊರಡುವ ಹೊತ್ತಿಗೂ ನಡುವೆ ಐದು ಗಂಟೆ ಇರಲಿ, ಹಡಗಿಗೆ ಮುಕ್ಕಾಲು ಗಂಟೆ ಮೊದಲೇ ಗೇಟಿನ ಬಳಿ ಇರಿ.

ಸಿಫ್ನೋಸ್‌ಗೆ ಎರಡು ಬಗೆಯ ಹಡಗು. ವೇಗದ್ದು ಎರಡೂವರೆಯಿಂದ ಮೂರು ಗಂಟೆ, ದೊಡ್ಡ ಸಾದಾ ಹಡಗು ಸುಮಾರು ಐದು ಗಂಟೆ. ಸಮಯ ಉಳಿಯುತ್ತದೆ ಎಂದು ಎಲ್ಲರೂ ವೇಗದ್ದನ್ನೇ ಹಿಡಿಯುತ್ತಾರೆ, ಆದರೆ ನಮ್ಮ ಮತ ಸಾದಾ ಹಡಗಿಗೆ. ಅದಕ್ಕೆ ತೆರೆದ ಮೇಲಂಗಳ ಇರುತ್ತದೆ, ಓಲಾಟ ಕಡಿಮೆ, ಗಾಳಿಯಿದ್ದಾಗ ರದ್ದಾಗುವುದೂ ಕೊನೆಗೆ. ವಾಂತಿ ಬರುವವರು ಹಡಗಿನ ಮಧ್ಯಭಾಗದಲ್ಲಿ ಕುಳಿತು, ಹೊರಡುವ ಅರ್ಧ ಗಂಟೆ ಮೊದಲೇ ಮಾತ್ರೆ ತೆಗೆದುಕೊಳ್ಳಬೇಕು. ಓಲಾಟ ಶುರುವಾದ ಮೇಲೆ ತೆಗೆದುಕೊಂಡರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಹಡಗು ದಾರಿಯಲ್ಲಿ ಕಿಥ್ನೋಸ್, ಸೆರಿಫೋಸ್ ಮುಟ್ಟಿಕೊಂಡು ಬರಬಹುದು. ಪ್ರತಿ ಬಂದರಿನಲ್ಲೂ ನಿಲ್ಲುವುದು ಕೆಲವೇ ನಿಮಿಷ, ಆದ್ದರಿಂದ ಹೆಸರು ಕೂಗಿದ ಕೂಡಲೇ ಸಾಮಾನು ಇಟ್ಟ ಕೆಳಗಿನ ಅಂತಸ್ತಿಗೆ ಇಳಿಯಿರಿ.

ಎಲ್ಲಿ ಉಳಿಯಬೇಕು

ಹಡಗು ನಿಲ್ಲುವುದು ಕಮಾರೆಸ್‌ನಲ್ಲಿ. ಅಲ್ಲಿಂದ ಐದಾರು ಕಿಲೋಮೀಟರ್ ಮೇಲೆ ಅಪೊಲೊನಿಯಾ, ದ್ವೀಪದ ಮುಖ್ಯ ಊರು. ಉಳಿಯಲು ಅಪೊಲೊನಿಯಾ, ಇಲ್ಲವೆ ಅದಕ್ಕೆ ಅಂಟಿಕೊಂಡೇ ಇರುವ ಆರ್ಟೆಮೊನಾಸ್ ಒಳ್ಳೆಯದು. ಮುಖ್ಯ ಕಾಲುದಾರಿಗಳು ಈ ಬೆಟ್ಟದೂರುಗಳಿಂದಲೇ ಕವಲೊಡೆಯುತ್ತವೆ, ಬಸ್ಸುಗಳೂ ಇಲ್ಲಿಂದಲೇ ಹೊರಡುತ್ತವೆ. ಕಡಲ ದಂಡೆಯ ಪ್ಲಾಟಿಸ್ ಯಾಲೊಸ್‌ನಲ್ಲೋ ವಾಥಿಯಲ್ಲೋ ಕೋಣೆ ಹಿಡಿದರೆ ನೋಟ ಚೆಂದ, ಆದರೆ ಪ್ರತಿ ಬೆಳಗ್ಗೆ ಬಸ್ಸಿಗೆ ಕಾಯಬೇಕು. ಮೇಲೂರಿನಲ್ಲಿ ಉಳಿದು ಕಡಲಿಗೆ ನಡೆದು ಇಳಿದು, ಸಂಜೆ ಬಸ್ಸಿನಲ್ಲಿ ಹತ್ತಿ ಬರುವುದೇ ಮಂಡಿಗೂ ವೇಳಾಪಟ್ಟಿಗೂ ಸರಿಹೊಂದುವ ಕ್ರಮ.

ಕೋಣೆ ಕಾಯ್ದಿರಿಸುವಾಗ ಏಪ್ರಿಲ್, ಅಕ್ಟೋಬರ್‌ಗಳಲ್ಲಿ ಹೀಟರ್ ಇದೆಯೇ ಎಂದು ಕೇಳಿ. ದಪ್ಪ ಕಲ್ಲಿನ ಮನೆಗಳು ರಾತ್ರಿ ತಣ್ಣಗಾಗುತ್ತವೆ. ಸಣ್ಣ ಅಡುಗೆಮನೆ ಇರುವ ಕೋಣೆಯಾದರೆ ಬೆಳಗ್ಗೆ ಬೇಗ ಹೊರಡಲು ಅನುಕೂಲ. ಶೌಚಾಲಯದಲ್ಲಿ ಕಾಗದವನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಬೇಕು. ಕೊಳವೆ ಸಣ್ಣವು, ಕಟ್ಟಿಕೊಳ್ಳುತ್ತವೆ. ಬಯಲಿನಲ್ಲಿ ಡೇರೆ ಹಾಕುವುದು ಗ್ರೀಸಿನಲ್ಲಿ ಕಾನೂನುಬಾಹಿರ.

ಕಾಲಿಗೆ, ಬೆನ್ನಿಗೆ, ಬಾಟಲಿಗೆ

ಪಶ್ಚಿಮ ಘಟ್ಟದಲ್ಲಿ ನಡೆದು ರೂಢಿಯಿದ್ದವರಿಗೆ ಇಲ್ಲಿ ಎರಡು ವಿಷಯ ಹೊಸದು. ಅಲ್ಲಿ ಮಣ್ಣು, ನೆರಳು, ಹಳ್ಳದ ನೀರು. ಇಲ್ಲಿ ಕಲ್ಲು, ಬಯಲು, ದಾರಿಯುದ್ದಕ್ಕೂ ನೀರೇ ಇಲ್ಲ. ಕೆಸರಿಗೆಂದು ಮಾಡಿದ ಆಳವಾದ ಹಲ್ಲಿನ ಶೂ ನುಣುಪಾದ ಅಮೃತಶಿಲೆಯ ಮೆಟ್ಟಿಲ ಮೇಲೆ ಹಿಡಿತ ಕೊಡುವುದಿಲ್ಲ, ಮಳೆ ಬಿದ್ದಿದ್ದರಂತೂ ಜಾರುವುದು ಖಚಿತ. ಹಲ್ಲು ಗಿಡ್ಡವಾಗಿ, ರಬ್ಬರ್ ಮೆತ್ತಗಾಗಿ, ತಳ ಗಟ್ಟಿಯಾಗಿರುವ ಶೂ ಬೇಕು. ತಳ ತೆಳುವಾದರೆ ಎರಡನೇ ದಿನಕ್ಕೇ ಅಂಗಾಲು ನೋಯುತ್ತದೆ, ಏಕೆಂದರೆ ಹೆಜ್ಜೆಹೆಜ್ಜೆಗೂ ಕಲ್ಲಿನ ಅಂಚು ಒತ್ತುತ್ತದೆ. ಇಳಿಯುವಾಗ ಬೆರಳು ಮುಂದಕ್ಕೆ ನೂಕುವುದರಿಂದ ಅಳತೆಯಲ್ಲಿ ಅರ್ಧ ಇಂಚು ಹೆಚ್ಚಿರಲಿ. ಹೊಸ ಶೂ ಆದರೆ ಕನಿಷ್ಠ 50 ಕಿಲೋಮೀಟರ್ ಊರಲ್ಲೇ ನಡೆದು ಪಳಗಿಸಿ. ವಾಕಿಂಗ್ ಪೋಲ್ ಒಯ್ಯುವವರು ತುದಿಗೆ ರಬ್ಬರ್ ಟೋಪಿ ಹಾಕಬೇಕು. ಬರೀ ಲೋಹದ ಮೊನೆ ಕಲ್ಲುಹಾಸಿನ ಮೇಲೆ ಜಾರುತ್ತದೆ, ಸದ್ದೂ ಮಾಡುತ್ತದೆ.

ತಯಾರಿಗೆ ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗಿಂತ ಒಳ್ಳೆಯ ಜಾಗ ಇಲ್ಲ. ಹೊರಡುವ ಆರು ವಾರ ಮೊದಲಿನಿಂದ ವಾರಕ್ಕೆ ಎರಡು ಸಲ ಹತ್ತಿ, ಬಸ್ಸಿನಲ್ಲಿ ಬರದೆ ಇಳಿದೂ ಬನ್ನಿ. ಏರಿನಲ್ಲಿ ಉಸಿರು ಸೋಲುತ್ತದೆ, ಇಳಿಜಾರಿನಲ್ಲಿ ತೊಡೆ ಸೋಲುತ್ತದೆ. ದ್ವೀಪದಲ್ಲಿ ಜನ ಬೀಳುವುದು ಹೆಚ್ಚಾಗಿ ಇಳಿಯುವಾಗ, ದಿನದ ಕೊನೆಗೆ, ದಣಿದ ಕಾಲಿನಲ್ಲಿ.

ಉದ್ದ ಪ್ಯಾಂಟು ತೊಡಿ. ಗುಡ್ಡದ ತುಂಬ ಮೊಣಕಾಲೆತ್ತರದ ಮುಳ್ಳುಪೊದೆ, ನಡುನಡುವೆ ಥೈಮ್ ಗಿಡ. ಬರಿಗಾಲಿನ ಚರ್ಮ ಒಂದೇ ದಿನದಲ್ಲಿ ಗೀರಿಹೋಗುತ್ತದೆ. ಗದ್ದಕ್ಕೆ ದಾರ ಕಟ್ಟುವ ಅಗಲ ಟೋಪಿ, ಗಾಳಿ ತಡೆಯುವ ತೆಳು ಜಾಕೆಟ್, ಕುತ್ತಿಗೆಗೆ ಒಂದು ಹತ್ತಿಯ ವಸ್ತ್ರ. ಅದೇ ವಸ್ತ್ರ ಮಠದೊಳಗೆ ಹೋಗುವಾಗ ಹೆಗಲು ಮುಚ್ಚಲೂ ಬರುತ್ತದೆ.

ನೀರಿನ ಲೆಕ್ಕ ಹೀಗಿಟ್ಟುಕೊಳ್ಳಿ: ಹವೆ 20 ಡಿಗ್ರಿ ಆಸುಪಾಸು ಇದ್ದಾಗ ಗಂಟೆಗೆ ಅರ್ಧ ಲೀಟರ್, 27 ದಾಟಿದರೆ ಮುಕ್ಕಾಲು ಲೀಟರ್, ಅದರ ಮೇಲೆ ಯಾವಾಗಲೂ ಒಂದು ಅರ್ಧ ಲೀಟರ್ ಮುಟ್ಟದ ಬಾಟಲಿ. ನಾಲ್ಕು ಗಂಟೆಯ ನಡಿಗೆಗೆ ಎರಡೂವರೆಯಿಂದ ಮೂರೂವರೆ ಲೀಟರ್ ಆಯಿತು. ಭಾರ ಅನ್ನಿಸಿದರೂ ಕಡಿಮೆ ಮಾಡಬೇಡಿ. ಗುಡಿಗಳ ಪಕ್ಕ ಮಳೆನೀರಿನ ತೊಟ್ಟಿ ಕಂಡರೂ ಅದನ್ನು ನೆಚ್ಚಿಕೊಂಡು ಹೊರಡಬಾರದು. ಒಣಗಿರಬಹುದು, ಕುಡಿಯಲು ಯೋಗ್ಯವಲ್ಲದಿರಬಹುದು. ನಾಲ್ಕು ಒಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ.

ದಾರಿ ಓದುವುದು

1:25,000 ಅಳತೆಯ ಕಾಗದದ ನಕ್ಷೆ ಒಂದು, ಮೊಬೈಲಿನಲ್ಲಿ ಇಂಟರ್ನೆಟ್ ಇಲ್ಲದೆ ತೆರೆಯುವ ನಕ್ಷೆ ಇನ್ನೊಂದು. ಎರಡೂ ಬೇಕು. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಬ್ಯಾಟರಿ ಬೇಗ ಇಳಿಯುತ್ತದೆ. ಮೊಬೈಲ್ ನಕ್ಷೆ ತೋರಿಸುವ ತೆಳು ಗೆರೆಗಳಲ್ಲಿ ಕೆಲವು ಈಗ ಪೊದೆ ಮುಚ್ಚಿದ ದಾರಿಗಳು, ಕೆಲವು ಆಡುಗಳು ತುಳಿದ ಜಾಡು. ಆದ್ದರಿಂದ ಸಂಖ್ಯೆ ಕೊಟ್ಟು ಗುರುತಿಸಿದ ದಾರಿಗಳಿಗೇ ಅಂಟಿಕೊಳ್ಳಿ.

ದಾರಿ ತಪ್ಪುವ ಜಾಗಗಳು ಹೆಚ್ಚುಕಡಿಮೆ ಮೂರೇ ಬಗೆ. ಮೊದಲನೆಯದು, ಹಳೆಯ ದಾರಿಯನ್ನು ಹೊಸ ರಸ್ತೆ ಕತ್ತರಿಸಿದ ಕಡೆ. ರಸ್ತೆ ಸಿಕ್ಕಿತೆಂದು ಅದರಲ್ಲೇ ಮುಂದೆ ಹೋಗುತ್ತೇವೆ, ಆದರೆ ಕಾಲುದಾರಿ ಎದುರುಗಡೆ ಹತ್ತಿಪ್ಪತ್ತು ಮೀಟರ್ ಆಚೀಚೆ ಮತ್ತೆ ಶುರುವಾಗಿರುತ್ತದೆ. ಫಲಕ ಸಿಗುವವರೆಗೂ ಆ ಬದಿಯ ಗೋಡೆಯನ್ನು ನೋಡುತ್ತ ಹೋಗಿ. ಎರಡನೆಯದು, ಒಣಗಿದ ಹಳ್ಳ ದಾಟುವಲ್ಲಿ. ಚಳಿಗಾಲದ ಮಳೆಗೆ ಕಲ್ಲುಗಳು ಉರುಳಿ ಗುರುತು ಕೊಚ್ಚಿಹೋಗಿರುತ್ತದೆ. ಮೂರನೆಯದು, ಬೋಳು ಬಂಡೆಯ ಇಳಿಜಾರು. ಆಡುಗಳ ಜಾಡು ಹತ್ತು ಕಡೆಗೆ ಹೋಗುತ್ತದೆ, ಪ್ರತಿಯೊಂದೂ ದಾರಿಯಂತೆಯೇ ಕಾಣುತ್ತದೆ. ಇಂಥಲ್ಲಿ ಐದು ನಿಮಿಷ ನಡೆದರೂ ಫಲಕವಾಗಲಿ, ಬಣ್ಣದ ಚುಕ್ಕೆಯಾಗಲಿ, ಕಲ್ಲಿನ ಗುಪ್ಪೆಯಾಗಲಿ ಕಾಣದಿದ್ದರೆ ನಿಂತು, ಕೊನೆಯ ಗುರುತಿನವರೆಗೆ ವಾಪಸು ಬನ್ನಿ. ಅಡ್ಡಹಾಯ್ದು ಇಳಿದರೆ ದಾರಿ ಸಿಗುತ್ತದೆ ಅನ್ನಿಸುತ್ತದೆ. ಸಿಗುವುದು ಎರಡಾಳೆತ್ತರದ ಹೊಲದ ಕಟ್ಟೆ, ಕೆಳಗೆ ಮುಳ್ಳು.

ದಾರಿಗೆ ಅಡ್ಡವಾಗಿ ಗೇಟು ಸಿಗುತ್ತದೆ. ತಂತಿಯಲ್ಲೋ ಹಗ್ಗದಲ್ಲೋ ಬಿಗಿದಿರುತ್ತಾರೆ. ಅದು ಆಡು ಕುರಿಗಳಿಗೆ, ನಿಮಗಲ್ಲ. ಬಿಚ್ಚಿ, ದಾಟಿ, ಮೊದಲಿದ್ದಂತೆಯೇ ಕಟ್ಟಿ. ಗಂಟು ಗಡುಸಾಗಿದೆ ಎಂದು ಗೋಡೆ ಹತ್ತಿ ದಾಟುವುದು ತಪ್ಪು. ಗಾರೆಯಿಲ್ಲದ ಗೋಡೆಯ ಒಂದು ಕಲ್ಲು ಸಡಿಲಾದರೆ ಮುಂದಿನ ಮಳೆಗೆ ಹತ್ತು ಕಲ್ಲು ಬೀಳುತ್ತವೆ, ಅದನ್ನು ಮತ್ತೆ ಕಟ್ಟುವವರು ಈಗ ಬಹಳ ಜನ ಉಳಿದಿಲ್ಲ.

ಹೊತ್ತಿನ ಅಂದಾಜಿಗೆ ಗಂಟೆಗೆ 3 ಕಿಲೋಮೀಟರ್, ಜೊತೆಗೆ ಪ್ರತಿ 350 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಹಿಡಿಯಿರಿ. ಕೂರುವುದು, ನೋಡುವುದು, ಈಜುವುದು ಇದರ ಹೊರಗೆ.

ವಾರದ ನಡಿಗೆಗಳು

ಬಂದ ದಿನ ಅಪೊಲೊನಿಯಾದಿಂದ ಆನೊ ಪೆಟಾಲಿ ಮೂಲಕ ಆರ್ಟೆಮೊನಾಸ್‌ವರೆಗೆ ಹೋಗಿ ಬಂದರೆ ಸಾಕು. ಒಂದು ಗಂಟೆಯ ಕಲ್ಲುಹಾಸಿನ ಓಣಿ, ವಾಹನವಿಲ್ಲ. ಆರ್ಟೆಮೊನಾಸ್ ಬಾದಾಮಿ ಸಿಹಿತಿನಿಸಿಗೆ ಹೆಸರಾದ ಊರು.

ಮರುದಿನ ಪೂರ್ವ ಕರಾವಳಿ. ಆರ್ಟೆಮೊನಾಸ್‌ನಿಂದ ಕಡಲ ಮೇಲಿನ ಪುಲಾಟಿ ಗುಡಿಗೆ ಇಳಿದು, ದಂಡೆಯ ಮೇಲಿನ ದಾರಿಯಲ್ಲೇ ಕಾಸ್ತ್ರೊ ಸೇರಿ, ಅಲ್ಲಿಂದ ಹಳೆಯ ಕಲ್ಲುದಾರಿ ಹತ್ತಿ ಅಪೊಲೊನಿಯಾಕ್ಕೆ ವಾಪಸು. ಆರೇಳು ಕಿಲೋಮೀಟರ್, ನಿಲ್ಲದೆ ನಡೆದರೆ ಮೂರು ಗಂಟೆ. ಆದರೆ ಕಾಸ್ತ್ರೊದಲ್ಲೇ ಎರಡು ಗಂಟೆ ಬೇಕು. ಹೊರಸಾಲಿನ ಮನೆಗಳ ಹಿಂಗೋಡೆಯೇ ಕೋಟೆಗೋಡೆಯಾಗಿರುವ ಮಧ್ಯಯುಗದ ಊರು ಅದು. ಓಣಿಗಳಲ್ಲಿ ರೋಮನ್ ಕಾಲದ ಕಲ್ಲಿನ ಶವಪೆಟ್ಟಿಗೆಗಳು ಬದಿಗೆ ನಿಂತಿವೆ. ಕೆಳಗೆ ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ ಏಳು ಹುತಾತ್ಮರ ಗುಡಿ. ಅಲ್ಲಿಗೆ ಇಳಿಯುವ ಮೆಟ್ಟಿಲಿಗೆ ತಡೆಯಿಲ್ಲ, ಗಾಳಿ ಜೋರಿದ್ದ ದಿನ ಮೇಲಿನಿಂದಲೇ ನೋಡಿ. ಈ ನಡಿಗೆಯನ್ನು ಬೆಳಗ್ಗೆ ಮಾಡಿದರೆ ಕೊನೆಯ ಏರು ಸುಡು ಬಿಸಿಲಿಗೆ ಸಿಗುತ್ತದೆ, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಹೊರಟರೆ ತಂಪಿನಲ್ಲಿ ಮುಗಿಯುತ್ತದೆ.

ಮೂರನೇ ದಿನದ್ದು ನಮ್ಮ ಮಟ್ಟಿಗೆ ದ್ವೀಪದ ಅತ್ಯುತ್ತಮ ದಾರಿ. ಬಸ್ಸಿನಲ್ಲಿ ಕಾಸ್ತ್ರೊಗೆ ಹೋಗಿ ಅಲ್ಲಿಂದ ದಕ್ಷಿಣಕ್ಕೆ ಕಡಲಂಚಿನಲ್ಲೇ ಫಾರೊಸ್‌ವರೆಗೆ, ಸುಮಾರು ಎರಡು ಗಂಟೆ. ಫಾರೊಸ್‌ನಿಂದ ಗ್ಲಿಫೊ ದಂಡೆಯ ಮೂಲಕ ಕ್ರಿಸೊಪಿಗಿಗೆ ಮುಕ್ಕಾಲು ಗಂಟೆ. 1650ರಲ್ಲಿ ಕಟ್ಟಿದ ಈ ಮಠ ಇರುವುದು ನೆಲದಿಂದ ಸೀಳಿ ಬೇರೆಯಾದ ಬಂಡೆಯ ಮೇಲೆ, ದಾಟಲು ಸಣ್ಣ ಸೇತುವೆ. ಪಕ್ಕದ ಅಪೊಕೋಫ್ಟೊದಲ್ಲಿ ಈಜಬಹುದು, ಊಟವೂ ಸಿಗುತ್ತದೆ. ಶಕ್ತಿಯಿದ್ದರೆ ಗುಡ್ಡ ದಾಟಿ ಮತ್ತೆ ಮುಕ್ಕಾಲು ಗಂಟೆ, ಪ್ಲಾಟಿಸ್ ಯಾಲೊಸ್. ಅಲ್ಲಿಂದ ಬಸ್ಸು. ಉದ್ದಕ್ಕೂ ನೆರಳಿಲ್ಲ. ಪೂರ್ವಕ್ಕೆ ಮುಖ ಮಾಡಿದ ದಂಡೆಯಾದ್ದರಿಂದ ಬೆಳಗಿನ ಬಿಸಿಲು ನೇರ ಬೀಳುತ್ತದೆ, ಎಂಟು ಗಂಟೆಯೊಳಗೆ ಹೊರಡಿ.

ನಾಲ್ಕನೆಯದು ಬಿಡುವಿನ ದಿನ. ಉತ್ತರ ತುದಿಯ ಹೆರೊನಿಸೊಸ್ ಮೀನುಗಾರರ ಕೊಲ್ಲಿಗೆ ಬಸ್ಸು ವಿರಳ, ಹೋಗುವ ಮುನ್ನ ವಾಪಸಿನದ್ದನ್ನೂ ನೋಡಿಕೊಳ್ಳಿ. ದ್ವೀಪ ಶತಮಾನಗಳಿಂದ ಕುಂಬಾರಿಕೆಗೆ ಹೆಸರಾದದ್ದು. ಈಗಲೂ ಚಕ್ರ ತಿರುಗುವ ಕೆಲಸದ ಮನೆಗಳಿವೆ. ಈಶಾನ್ಯ ತೀರದ ಆಯಿಯೊಸ್ ಸೋಸ್ಟಿಸ್‌ನಲ್ಲಿ ಪ್ರಾಚೀನ ಬೆಳ್ಳಿ ಗಣಿಗಳಿವೆ. ಆ ಸಂಪತ್ತಿನಿಂದಲೇ ಸಿಫ್ನೋಸ್‌ನವರು ಕ್ರಿ.ಪೂ. 525ರ ಸುಮಾರಿಗೆ ಅಪೊಲೊ ದೇವರ ಕ್ಷೇತ್ರವಾದ ಡೆಲ್ಫಿಯಲ್ಲಿ ಅಮೃತಶಿಲೆಯ ಕಾಣಿಕೆ ಭಂಡಾರ ಕಟ್ಟಿಸಿದರು. ಗಣಿಯ ಬಿಲಗಳೊಳಗೆ ಮಾತ್ರ ಹೋಗಬೇಡಿ. ಆಧಾರವಿಲ್ಲದ ಸುರಂಗಗಳು, ಕೆಲವೆಡೆ ನೆಟ್ಟಗೆ ಕೆಳಗಿಳಿಯುವ ಬಾವಿಗಳು.

ಐದನೇ ದಿನ ಎತ್ತರಕ್ಕೆ. ಅಪೊಲೊನಿಯಾದ ದಕ್ಷಿಣ ಅಂಚಿನ ಕಟಾವಾಟಿಯಿಂದ ಪ್ರೊಫಿಟಿಸ್ ಇಲಿಯಾಸ್ ಶಿಖರ, ಎತ್ತರ ಸುಮಾರು 680 ಮೀಟರ್. ಹತ್ತಲು ಎರಡು ಗಂಟೆ, ಇಳಿಯಲು ಒಂದೂವರೆ. ನೆತ್ತಿಯ ಮೇಲೆ ಕೋಟೆಯಂಥ ಮಠ. ಗಾಳಿ ಶುಭ್ರವಾಗಿದ್ದರೆ ಸೆರಿಫೋಸ್, ಕಿಮೊಲೊಸ್, ಮಿಲೋಸ್, ಪೂರ್ವಕ್ಕೆ ಪಾರೊಸ್‌ವರೆಗೆ ಕಾಣುತ್ತದೆ. ಕೆಳಗೆ ಬೆವರಿದ ಅಂಗಿ ಮೇಲೆ ಹತ್ತೇ ನಿಮಿಷದಲ್ಲಿ ಮಂಜಿನಂತೆ ತಣ್ಣಗಾಗುವುದರಿಂದ ಜಾಕೆಟ್ಟನ್ನು ತುದಿ ಮುಟ್ಟುವ ಮೊದಲೇ ಹಾಕಿಕೊಳ್ಳಿ. ಮೋಡ ಕವಿದರೆ ಹತ್ತಬೇಡಿ. ಇಳಿದ ಮೇಲೆ ಹತ್ತಿರದ ಆಯಿಯೊಸ್ ಆಂದ್ರೆಯಾಸ್ ಗುಡ್ಡದಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯ ಮೈಸೀನಿಯನ್ ಕಾಲದ ಕೋಟೆಯೂರನ್ನು ನೋಡಬಹುದು. ಬಾಗಿಲು ತೆರೆದಿರುವ ದಿನ, ಹೊತ್ತನ್ನು ಊರಲ್ಲೇ ವಿಚಾರಿಸಿ.

ಆರನೇ ದಿನ ಕಟಾವಾಟಿಯಿಂದ ಟಾಕ್ಸಿಯಾರ್ಕಿಸ್ ಸ್ಕಾಫಿಸ್ ಗುಡಿಯ ಮೂಲಕ ವಾಥಿ ಕೊಲ್ಲಿಗೆ. ಸುಮಾರು ಮೂರು ಗಂಟೆ, ಬಹುಪಾಲು ಇಳಿಜಾರು. ವಾಥಿಗೆ ರಸ್ತೆ ಬಂದದ್ದೇ 1990ರ ದಶಕದಲ್ಲಿ. ಅಲ್ಲಿಯವರೆಗೆ ಈ ಕಾಲುದಾರಿ ಮತ್ತು ದೋಣಿ ಎರಡೇ ಸಂಪರ್ಕ. ದುಂಡನೆಯ ಕೊಲ್ಲಿ, ಆಳವಿಲ್ಲದ ಶಾಂತ ನೀರು. ಉತ್ತರದ ಗಾಳಿ ಹೆಚ್ಚು ತಾಕದ ಜಾಗವಾದ್ದರಿಂದ ಜೋರು ಗಾಳಿಯ ದಿನಕ್ಕೆ ಇದನ್ನು ಕಾದಿಟ್ಟುಕೊಳ್ಳುವುದು ಜಾಣತನ. ಅಂದರೆ ಮೇಲಿನ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಡಿ. ಹಿಂದಿನ ಸಂಜೆ ಹವಾಮಾನ ಮುನ್ಸೂಚನೆಯಲ್ಲಿ ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಅಂಕಿ ನೋಡಿ: 4ರವರೆಗೆ ಎಲ್ಲಿಗಾದರೂ ಹೋಗಿ, 5 ಇದ್ದರೆ ಶಿಖರ ಬಿಡಿ, 6 ಮತ್ತು ಮೇಲಾದರೆ ಕಡಲ ಮೇಲಿನ ಕಡಿದಾದ ದಾರಿಗಳನ್ನೂ ಬಿಟ್ಟು ಕಣಿವೆಯಲ್ಲೋ ಊರ ಓಣಿಯಲ್ಲೋ ನಡೆಯಿರಿ.

ಬಸ್ಸಿನ ವೇಳಾಪಟ್ಟಿ ಅಪೊಲೊನಿಯಾದ ನಿಲ್ದಾಣದಲ್ಲಿ ಅಂಟಿಸಿರುತ್ತಾರೆ. ಬಂದ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ. ಜುಲೈ ಪಟ್ಟಿ ನೋಡಿಕೊಂಡು ಅಕ್ಟೋಬರ್‌ನಲ್ಲಿ ಕಾದವರಿಗೆ ಬಸ್ಸು ಬರುವುದಿಲ್ಲ. ಕೊನೆಯ ಬಸ್ಸಲ್ಲ, ಅದರ ಹಿಂದಿನ ಬಸ್ಸಿಗೆ ಮುಟ್ಟುವಂತೆ ಲೆಕ್ಕ ಹಾಕಿ.

ಊಟ

ಸಸ್ಯಾಹಾರಿಗಳು ಇಲ್ಲಿ ಉಪವಾಸ ಇರಬೇಕಾಗಿಲ್ಲ, ಬದಲಿಗೆ ದ್ವೀಪದ ಮುಖ್ಯ ಅಡುಗೆಯೇ ಅವರದ್ದು. ರೆವಿಥಾಡಾ ಎಂದರೆ ಕಾಬೂಲಿ ಕಡಲೆಯ ಸಾರು. ನೆನೆಸಿದ ಕಡಲೆ, ಈರುಳ್ಳಿ, ಆಲಿವ್ ಎಣ್ಣೆ, ಪಲಾವ್ ಎಲೆಯನ್ನು ಹೋಲುವ ಒಂದು ಸೊಪ್ಪು, ಉಪ್ಪು, ನೀರು, ಇಷ್ಟೇ. ಮಣ್ಣಿನ ಮಡಕೆಯಲ್ಲಿ ಮುಚ್ಚಿ ಶನಿವಾರ ಸಂಜೆ ಸೌದೆ ಒಲೆಯ ಗೂಡಿಗೆ ಇಟ್ಟರೆ ಭಾನುವಾರ ಮಧ್ಯಾಹ್ನ ತೆಗೆಯುತ್ತಾರೆ. ರಾತ್ರಿಯಿಡೀ ಕಡಿಮೆ ಕಾವಿನಲ್ಲಿ ಬೆಂದ ಕಾಳು ಬೆಣ್ಣೆಯಂತಾಗುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿ ತಿನ್ನಿ. ನಿಮ್ಮ ವಾರದೊಳಗೆ ಒಂದು ಭಾನುವಾರ ಬರುವಂತೆ ನೋಡಿಕೊಳ್ಳಿ, ಅಂದು ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಟೆಲಿಗೆ ಹೋಗಿ. ತಡವಾದರೆ ಮಡಕೆ ಖಾಲಿ. ಇದೇ ಕಡಲೆಯನ್ನು ರುಬ್ಬಿ ಕರಿದ ರೆವಿಥೊಕೆಫ್ಟೆದೆಸ್, ಈರುಳ್ಳಿಯೊಂದಿಗೆ ಬೇಯಿಸಿದ ಕೇಪರ್ ಮೊಗ್ಗಿನ ಪಲ್ಯ, ಹಳದಿ ಬೇಳೆಯ ಫಾವಾ, ಬೇಯಿಸಿದ ಕಾಡುಸೊಪ್ಪು ಹೋರ್ತಾ ಇವೂ ಸಿಗುತ್ತವೆ.

ಆದರೆ ಕೇಳದೆ ತಿನ್ನಬೇಡಿ. ಅನ್ನ ತುಂಬಿದ ಟೊಮೇಟೊ, ದ್ರಾಕ್ಷಿ ಎಲೆಯ ಸುರುಳಿಗಳಲ್ಲಿ ಕೆಲವರು ಕೊಚ್ಚಿದ ಮಾಂಸ ಹಾಕುತ್ತಾರೆ, ಫಾವಾದ ಮೇಲೆ ಆಕ್ಟೋಪಸ್ ಚೂರು ಬರಬಹುದು. "ಹೋರಿಸ್ ಕ್ರೇಯಾಸ್, ಹೋರಿಸ್ ಪ್ಸಾರಿ" ಎಂದರೆ ಮಾಂಸವಿಲ್ಲದ್ದು, ಮೀನಿಲ್ಲದ್ದು. "ನಿಸ್ತೀಸಿಮೊ" ಎಂಬುದು ಚರ್ಚಿನ ವ್ರತದ ಊಟ, ಅದರಲ್ಲಿ ಹಾಲು ಮೊಟ್ಟೆ ಮಾಂಸ ಇರುವುದಿಲ್ಲ, ಆದರೆ ಸಿಗಡಿ, ಆಕ್ಟೋಪಸ್ ಇರಬಹುದು. ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಅಥವಾ ಆಡುಮರಿಯ ಜಠರದ ರಸ ಬಳಸುವುದುಂಟು. ಕಟ್ಟುನಿಟ್ಟಿನವರು ಇದನ್ನು ಗಮನದಲ್ಲಿಡಿ.

ಮನೆಯಿಂದ ಚಟ್ನಿಪುಡಿ, ಹುರಿದ ಅವಲಕ್ಕಿ ಒಯ್ಯಬಹುದು. ತುಪ್ಪ, ಪನೀರ್, ಹಸಿ ಕರಿಬೇವನ್ನು ಐರೋಪ್ಯ ಒಕ್ಕೂಟದ ಗಡಿಯಲ್ಲಿ ತಡೆಯುತ್ತಾರೆ. ನಡಿಗೆಯ ಬುತ್ತಿಗೆ ಬೆಳಗ್ಗೆ ಬೇಕರಿಯಲ್ಲಿ ಸಿಗುವ ಪಾಲಕ್ ಪೈ, ಬ್ರೆಡ್ಡು, ಟೊಮೇಟೊ, ಉಪ್ಪಿನ ಆಲಿವ್ ಸಾಕು. ತಿನ್ನಲು ಗುಡಿಯ ಜಗಲಿಗಿಂತ ತಂಪಾದ ಜಾಗ ಬೇರೆ ಇಲ್ಲ. ದ್ವೀಪದಲ್ಲಿ ಇನ್ನೂರಕ್ಕೂ ಹೆಚ್ಚು ಗುಡಿಗಳಿವೆ. ಬಾಗಿಲಿಗೆ ಚಿಲಕ ಮಾತ್ರ ಇದ್ದರೆ ಒಳಗೆ ಹೋಗಬಹುದು. ಹೊರಬರುವಾಗ ಮತ್ತೆ ಚಿಲಕ ಹಾಕಿ, ಇಲ್ಲದಿದ್ದರೆ ಆಡುಗಳು ನುಗ್ಗುತ್ತವೆ.

ಹಾವು, ಜೇನು, ಗಾಯ

ಸಿಫ್ನೋಸ್, ಮಿಲೋಸ್, ಕಿಮೊಲೊಸ್, ಪೊಲಿಯೆಗೊಸ್ ಈ ನಾಲ್ಕು ದ್ವೀಪಗಳಲ್ಲಿ ಮಾತ್ರ ಇರುವ ಒಂದು ಮಂಡಲದ ಜಾತಿಯ ವಿಷದ ಹಾವಿದೆ. ಅಳಿವಿನಂಚಿನಲ್ಲಿರುವ ಪ್ರಾಣಿ. ಕಡುಬೇಸಿಗೆಯಲ್ಲಿ ರಾತ್ರಿ ಓಡಾಡುತ್ತದೆ, ವಸಂತ ಮತ್ತು ಶರತ್ಕಾಲದಲ್ಲಿ ಹಗಲೂ ಕಾಣಬಹುದು, ಅಂದರೆ ನೀವು ನಡೆಯುವ ಕಾಲದಲ್ಲೇ. ಕೈಯನ್ನು ಕಲ್ಲುಗೋಡೆಯ ಸಂದಿಗೆ ಹಾಕಬೇಡಿ, ಕೂರುವ ಮುನ್ನ ಕಲ್ಲಿನ ಹಿಂದೆ ನೋಡಿ, ಪೊದೆಗೆ ಕಾಲಿಡುವ ಮುನ್ನ ಕೋಲಾಡಿಸಿ. ಕಂಡರೆ ಎರಡು ಮೀಟರ್ ಹಿಂದೆ ಸರಿದು ದಾರಿ ಬಿಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಆ ಕೈಕಾಲು ಅಲುಗದಂತೆ ಇಟ್ಟು 112ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಸಂಖ್ಯೆ 166. ವೈದ್ಯಕೀಯ ಕೇಂದ್ರ ಅಪೊಲೊನಿಯಾದಲ್ಲಿದೆ. ಒಬ್ಬರೇ ನಡೆಯುವವರು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಕೋಣೆಯವರಿಗೆ ಬರೆದುಕೊಟ್ಟು ಹೊರಡಿ.

ಥೈಮ್ ಹೂವಿನ ಜೇನಿಗೆ ದ್ವೀಪ ಹೆಸರಾಗಿದೆ, ದಾರಿಯ ಬದಿಯಲ್ಲಿ ಜೇನುಪೆಟ್ಟಿಗೆಗಳಿರುತ್ತವೆ. ಅವುಗಳ ಬಾಯಿಯ ಎದುರಿಗೆ ಹಾಯದೆ ಹಿಂಬದಿಯಿಂದ, ನಿಧಾನವಾಗಿ ದಾಟಿ.

ವಾಪಸು

ಬಹಳ ಜನರ ಲೆಕ್ಕ ತಪ್ಪುವುದು ಇಲ್ಲಿ. ಗಾಳಿ ಸಾಮಾನ್ಯವಾಗಿ 8 ಬ್ಯೂಫೋರ್ಟ್ ಮುಟ್ಟಿದರೆ ಬಂದರು ಪೊಲೀಸರು ದೊಡ್ಡ ಹಡಗುಗಳನ್ನೂ ತಡೆಯುತ್ತಾರೆ, ವೇಗದ ಹಡಗುಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ಹಡಗು ರದ್ದಾದರೆ ಮುಂದಿನ ಹಡಗಿನಲ್ಲಿ ಜಾಗ ಅಥವಾ ಹಣ ವಾಪಸು, ಎರಡರಲ್ಲಿ ಒಂದನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಕಾರಣ ಹವಾಮಾನವಾದರೆ ಆ ರಾತ್ರಿಯ ಕೋಣೆಯ ಖರ್ಚು ಕಂಪನಿ ಕೊಡಬೇಕಾಗಿಲ್ಲ, ಬೇರೆಯಾಗಿ ಕೊಂಡ ವಿಮಾನದ ಟಿಕೆಟಿಗಂತೂ ಅವರು ಹೊಣೆಯಲ್ಲ. ಆದ್ದರಿಂದ ದ್ವೀಪ ಬಿಡುವ ದಿನಕ್ಕೂ ವಿಮಾನಕ್ಕೂ ನಡುವೆ ಅಥೆನ್ಸ್‌ನಲ್ಲಿ ಪೂರ್ತಿ ಒಂದು ದಿನ, ಏಪ್ರಿಲ್ ಅಥವಾ ಅಕ್ಟೋಬರ್ ಆದರೆ ಎರಡು ದಿನ ಇಟ್ಟುಕೊಳ್ಳಿ. ಹೊರಡುವ ಮೂರು ದಿನ ಮೊದಲಿನಿಂದ ಗಾಳಿಯ ಮುನ್ಸೂಚನೆ ನೋಡುತ್ತಿರಿ. ಏರುವ ಲಕ್ಷಣ ಕಂಡರೆ ಕಮಾರೆಸ್‌ನ ಟಿಕೆಟ್ ಕಚೇರಿಗೆ ಹೋಗಿ ಒಂದು ದಿನ ಮುಂಚಿನ ಹಡಗಿಗೆ ಬದಲಾಯಿಸಿಕೊಳ್ಳಿ. ನಿಷೇಧ ಘೋಷಣೆಯಾದ ಮೇಲೆ ಎಲ್ಲರೂ ಅದೇ ಕಿಟಕಿಯ ಮುಂದೆ ನಿಂತಿರುತ್ತಾರೆ.